ಬಿಲ್ಲೆಯ ಅಲಂಕಾರ: ಬ್ರೆಜಿಲ್ ಮತ್ತು ಲಿಸ್ಬನ್ನಿನ ಕೆಲವು ಕಟ್ಟಡಗಳನ್ನು ಕುರಿತು ಒಂದು ವಿವೇಚನೆ

ಅಲಂಕಾರವು ಕಾವ್ಯದ ಹೊರಗಿನದೋ ಒಳಗಿನದೋ ಎಂಬ ಪ್ರಶ್ನೆ ನಮ್ಮ ಕಾವ್ಯಮೀಮಾಂಸೆಯಷ್ಟೇ ಹಳೆಯದು. ಕಡಗ ಕುಂಡಲಗಳು ದೇಹಕ್ಕೆ ಹೇಗೋ ಹಾಗೆ ಉಪಮೆ ರೂಪಕಗಳು ಕಾವ್ಯಕ್ಕೆ ಎಂದು ಹೇಳಿದವರುಂಟು. ಅಷ್ಟಕ್ಕೇ ತೃಪ್ತರಾಗದೆ, ತೊಡಿಸಿದ್ದನ್ನು ತೆಗೆದಿರಿಸಬಹುದಾದರೆ ಅದರಿಂದ ಕಾವ್ಯದ ಜೀವಕ್ಕೆ ಆದ ಲಾಭವೇನು ಎಂದು ಕೇಳಿದವರೂ ಉಂಟು. 9ನೆಯ ಶತಮಾನದ ಆನಂದವರ್ಧನನು ಈ ವಾದಕ್ಕೆ ಸೂಕ್ಷ್ಮವಾದ ಒಂದು ಒರೆಗಲ್ಲನ್ನು ಒದಗಿಸಿದನು. ಕವಿಯು ರಸದಲ್ಲಿ ತನ್ಮಯನಾಗಿರುವಾಗ, ಬೇರೊಂದು ಪ್ರಯತ್ನವನ್ನು ಬೇಡದೆ ತಾನಾಗಿ ಒದಗಿಬರುವ ಅಲಂಕಾರವೇ ಧ್ವನಿಕಾವ್ಯಕ್ಕೆ ಸಲ್ಲತಕ್ಕದ್ದು. ಯಮಕದಂತೆ ಪ್ರತ್ಯೇಕವಾದ ಶ್ರಮವನ್ನು ಕೇಳುವುದು ವಿಪ್ರಲಂಭಶೃಂಗಾರದಂತಹ ಕೋಮಲ ಸಂದರ್ಭದಲ್ಲಿ ಸಲ್ಲದು. ಅವನ ಅಭಿಪ್ರಾಯದ ಸಾರ ಇದು.

ಕಾವ್ಯದಲ್ಲಿ ಎದ್ದ ಈ ಪ್ರಶ್ನೆ 20ನೆಯ ಶತಮಾನದ ನಡುಗಾಲದಲ್ಲಿ ವಾಸ್ತುಶಿಲ್ಪಕ್ಕೂ ಎದುರಾಯಿತು. ಅಲ್ಲಿ ಅದು ಕೇವಲ ತತ್ತ್ವದ ಜಿಜ್ಞಾಸೆಯಾಗಿ ಉಳಿಯದೆ, ಸುಣ್ಣ, ಮರಳು, ಸಿಮೆಂಟುಗಳ ನಡುವೆ ನಿಂತು ಉತ್ತರ ಕೊಡಬೇಕಾದ ಪ್ರಶ್ನೆಯಾಯಿತು. ಅದಕ್ಕೆ ಬಂದ ಉತ್ತರಗಳಲ್ಲಿ ಅತ್ಯಂತ ವಿಚಾರಾರ್ಹವಾದುದು ಅಂಗೈಯಗಲದ ಒಂದು ವಸ್ತುವಿನ ಮೂಲಕ ಬಂದಿತು. ಆಡುಮಾತಿನಲ್ಲಿ ನಾವು ‘ಟೈಲ್ಸ್’ ಎಂದು ಕರೆಯುವ ಮೆರುಗಿನ ಬಿಲ್ಲೆಯೇ ಆ ವಸ್ತು. ಹೆಂಚು ಎಂದರೆ ನಮ್ಮ ಕಣ್ಣಮುಂದೆ ಮಾಡಿನ ಹೆಂಚೇ ಬರುವುದರಿಂದ, ಗೋಡೆಗೆ ಹೊದಿಸುವುದನ್ನು ಇಲ್ಲಿ ‘ಬಿಲ್ಲೆ’ ಎಂದೇ ಕರೆಯುತ್ತೇವೆ. ಬ್ರೆಜಿಲ್ ದೇಶದ ಮೂರು ಕಟ್ಟಡಗಳನ್ನೂ ಲಿಸ್ಬನ್ ನಗರದ ನೆಲದಡಿಯ ರೈಲುನಿಲ್ದಾಣಗಳನ್ನೂ ಮುಂದಿಟ್ಟುಕೊಂಡು, ಬಿಲ್ಲೆಯ ಅಂದಕ್ಕೂ ಅದರ ಉಪಯೋಗಕ್ಕೂ ಇರುವ ಸಂಬಂಧವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ಜೇಡಿಮಣ್ಣನ್ನು ಹದಗೊಳಿಸಿ, ಚೌಕವಾಗಿ ಕತ್ತರಿಸಿ ಒಣಗಿಸಿ, ಒಮ್ಮೆ ಸುಟ್ಟರೆ ರಂಧ್ರಮಯವಾದ ಹಲಗೆಯೊಂದು ದೊರೆಯುತ್ತದೆ. ಅದರ ಒಂದು ಮುಖಕ್ಕೆ ತವರದ ಅಂಶವುಳ್ಳ ಬಿಳಿಯ ಮೆರುಗನ್ನು ಬಳಿದು, ಅದರ ಮೇಲೆ ಕೋಬಾಲ್ಟ್ ಮೊದಲಾದ ಲೋಹಗಳ ಬಣ್ಣದಿಂದ ಬರೆದು ಎರಡನೆಯ ಬಾರಿ ಸುಟ್ಟಾಗ, ಬಣ್ಣವೂ ಮೆರುಗೂ ಕರಗಿ ಗಾಜಿನಂತೆ ಏಕವಾಗುತ್ತವೆ. ಹೀಗೆ ಸಿದ್ಧವಾದ ಬಿಲ್ಲೆಗೆ ಎರಡು ಸ್ವಭಾವಗಳಿರುತ್ತವೆ. ಅದರ ಬೆನ್ನು ನೀರನ್ನು ಹೀರುತ್ತದೆ. ಆದುದರಿಂದ ಗಾರೆ ಅದನ್ನು ಕಚ್ಚಿ ಹಿಡಿಯುತ್ತದೆ. ಅದರ ಮುಖ ನೀರನ್ನು ತಳ್ಳುತ್ತದೆ; ಆದುದರಿಂದ ಮಳೆ, ಧೂಳು, ಕಡಲಗಾಳಿಯ ಉಪ್ಪು ಯಾವುದೂ ಅದರ ಮೇಲೆ ನಿಲ್ಲುವುದಿಲ್ಲ. ಬಣ್ಣ ಬಳಿದ ಗೋಡೆಯನ್ನು ಕೆಲವು ವರ್ಷಗಳಿಗೊಮ್ಮೆ ಮತ್ತೆ ಬಳಿಯಬೇಕು; ಬಿಲ್ಲೆಯ ಗೋಡೆಯನ್ನು ತೊಳೆದರೆ ಸಾಕು. ಹೀಗೆ ಬಿಲ್ಲೆಯ ಬಣ್ಣವನ್ನೂ ಅದರ ಗಟ್ಟಿತನವನ್ನೂ ಒಂದೇ ಬೆಂಕಿ ಉಂಟುಮಾಡುತ್ತದೆ. ಅಲಂಕಾರವೂ ಪ್ರಯೋಜನವೂ ಒಂದೇ ಕ್ರಿಯೆಯಿಂದ ಹುಟ್ಟುವ ಇಂತಹ ವಸ್ತುಗಳು ಕಟ್ಟಡಗಾರನಿಗೆ ದೊರೆಯುವುದು ವಿರಳ. ನಮ್ಮ ವಿಮರ್ಶೆಗೆ ಮೂಲಾಧಾರವಾದ ಸಂಗತಿ ಇದೇ.

ಪೋರ್ಚುಗೀಸರು ಇದನ್ನು ‘ಅಜುಲೇಜು’ ಎಂದು ಕರೆಯುತ್ತಾರೆ. ಅವರ ಭಾಷೆಯಲ್ಲಿ ನೀಲಿಗೆ ‘ಅಜುಲ್’ ಎಂಬ ಹೆಸರಿರುವುದರಿಂದ ಎರಡಕ್ಕೂ ಸಂಬಂಧ ಕಲ್ಪಿಸುವುದು ಸುಲಭ. ಆದರೆ ಈ ಶಬ್ದ ನಯಗೊಳಿಸಿದ ಪುಟ್ಟ ಕಲ್ಲು ಎಂಬರ್ಥದ ಅರಬ್ಬೀ ಮಾತಿನಿಂದ ಬಂದುದು. ಪೋರ್ಚುಗಲ್ಲಿನಲ್ಲಿ ಈ ಕಲೆ ಎರಡು ಹಾದಿಗಳಲ್ಲಿ ಬೆಳೆಯಿತು. 17ನೆಯ ಶತಮಾನದಲ್ಲಿ ಒಂದೇ ಚಿತ್ತಾರ ಮರಳಿ ಮರಳಿ ಬಂದು ಇಡೀ ಗೋಡೆ ಜಮಖಾನದಂತೆ ತೋರುವ ಬಗೆ ಪ್ರಧಾನವಾಗಿದ್ದಿತು. 18ನೆಯ ಶತಮಾನದಲ್ಲಿ ನೂರಾರು ಬಿಲ್ಲೆಗಳನ್ನು ಜೋಡಿಸಿ, ಅವುಗಳ ಮೇಲೆ ಬೇಟೆ, ಮೆರವಣಿಗೆ, ಸಂತರ ಚರಿತ್ರೆ ಮುಂತಾದುವನ್ನು ನೀಲಿ ಬಿಳಿಗಳಲ್ಲಿ ಒಂದೇ ದೊಡ್ಡ ಚಿತ್ರವಾಗಿ ಬರೆಯುವ ಬಗೆ ಮೇಲುಗೈ ಪಡೆಯಿತು. ಮೊದಲನೆಯದನ್ನು ಆವೃತ್ತಿಯ ಮಾರ್ಗವೆಂದೂ ಎರಡನೆಯದನ್ನು ಚಿತ್ರಮಾರ್ಗವೆಂದೂ ಕರೆಯೋಣ. ಈ ಚಿತ್ರಮಾರ್ಗದ ಆಧುನಿಕ ಉದಾಹರಣೆಯೊಂದು ನಮ್ಮ ನೆರೆಯಲ್ಲಿಯೇ ಇದೆ. ಪಣಜಿಯ ಮೆನೆಜಿಸ್ ಬ್ರಗಾಂಜಾ ಸಂಸ್ಥೆಯ ಪ್ರವೇಶಮಂಟಪದಲ್ಲಿ ಜಾರ್ಜ್ ಕೊಲಾಸೊ ಎಂಬ ಕಲಾವಿದನು 1935ರಲ್ಲಿ ರಚಿಸಿದ, ಪೋರ್ಚುಗೀಸ್ ಮಹಾಕವಿ ಕಮೋಯಿಂಶ್‌ನ ಕಾವ್ಯದ ಪ್ರಸಂಗಗಳನ್ನು ತೋರಿಸುವ ಬಿಲ್ಲೆಯ ಚಿತ್ರಗಳನ್ನು ಗೋವೆಗೆ ಹೋದ ನಮ್ಮ ವಿದ್ಯಾರ್ಥಿಗಳು ನೋಡಬಹುದು.

ವಲಸೆಗಾರರೊಡನೆ ಅಜುಲೇಜು ಬ್ರೆಜಿಲ್ಲಿಗೂ ಹೋಯಿತು. ಮೊದಲು ಅದು ಮಠ ಇಗರ್ಜಿಗಳ ಒಳಗೋಡೆಗಳಲ್ಲಿದ್ದಿತು. 19ನೆಯ ಶತಮಾನದಲ್ಲಿ ಅದು ಮನೆಗಳ ಹೊರಮುಖಕ್ಕೆ ಬಂದಿತು. ಉತ್ತರ ತೀರದ ಸಾವೊ ಲುಯಿಸ್ ನಗರದ ಬೀದಿಗಳಲ್ಲಿ ಪೋರ್ಚುಗಲ್ಲಿನಿಂದ ತಂದ ಬಿಲ್ಲೆಗಳನ್ನು ಹೊದ್ದ ಮನೆಗಳು ಸಾಲುಸಾಲಾಗಿ ನಿಂತಿವೆ. ಸುರಿಯುವ ಮಳೆ, ಸುಡುವ ಬಿಸಿಲು, ತೇವಭರಿತ ವಾಯು ಇವುಗಳ ನಡುವೆ ಗಾರೆಯ ಗೋಡೆ ಬೇಗನೆ ಪಾಚಿಗಟ್ಟುವ ನಾಡಿನಲ್ಲಿ ಬಿಲ್ಲೆಯು ಭೋಗದ ವಸ್ತುವಾಗದೆ ಮನೆಯ ಕವಚವಾಯಿತು. ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇಷ್ಟು ಹಿನ್ನೆಲೆಯೊಡನೆ ನವ್ಯ ವಾಸ್ತುಶಿಲ್ಪದ ಕಡೆಗೆ ಬರೋಣ. 20ನೆಯ ಶತಮಾನದ ಆದಿಯಲ್ಲಿ ವಿಯೆನ್ನಾದ ಅಡಾಲ್ಫ್ ಲೂಸನು ಅಲಂಕರಣವನ್ನು ಅಪರಾಧಕ್ಕೆ ಸಮೀಪವಾಗಿ ಕಂಡು ಖಂಡಿಸಿದನು. ಅವನ ಅನಂತರದ ಪೀಳಿಗೆ ಗೋಡೆಯ ಮೇಲಿನ ಬಳ್ಳಿ, ಹೂ, ಪುತ್ಥಳಿಗಳನ್ನೆಲ್ಲ ಅಳಿಸಿಹಾಕಿತು. ಕಾಂಕ್ರೀಟಿನ ಕಂಬ, ಬಯಲಾದ ನೆಲದಂತಸ್ತು, ಗಾಜಿನ ಮುಖ, ಬಿಳಿಯ ಬರಿಗೋಡೆ ಇವು ಹೊಸ ಶೈಲಿಯ ಲಕ್ಷಣಗಳಾದುವು. ಇಂತಹ ಸಂನ್ಯಾಸಿಯ ಮನೆಗೆ ಚಿತ್ತಾರದ ಬಿಲ್ಲೆ ಹೇಗೆ ಕಾಲಿಟ್ಟಿತು?

ಅದು ಕಾಲಿಟ್ಟ ಪ್ರಮುಖ ಸ್ಥಳ ರಿಯೊ ಡಿ ಜನೈರೋದ ಶಿಕ್ಷಣ ಮತ್ತು ಆರೋಗ್ಯ ಸಚಿವಾಲಯದ ಕಟ್ಟಡ. ಸಚಿವನಾಗಿದ್ದ ಗುಸ್ತಾವೊ ಕಪನೇಮನು ಸ್ಪರ್ಧೆಯಲ್ಲಿ ಗೆದ್ದ ನಕ್ಷೆಯನ್ನು ಬದಿಗಿರಿಸಿ, ಲೂಸಿಯೊ ಕೋಸ್ತನ ನೇತೃತ್ವದ ತರುಣರ ತಂಡಕ್ಕೆ ಕೆಲಸವನ್ನು ಒಪ್ಪಿಸಿದನು. ಆಸ್ಕರ್ ನೀಮಾಯರ್, ಅಫಾನ್ಸೊ ರೀಡಿ ಮೊದಲಾದವರು ಆ ತಂಡದಲ್ಲಿದ್ದರು. 1936ರಲ್ಲಿ ಲ ಕಾರ್ಬೂಸಿಯೆ ಸಲಹೆಗಾರನಾಗಿ ಬಂದು ಹೋದನು. 1937ರಲ್ಲಿ ಕೆಲಸ ಆರಂಭವಾಗಿ 1945ರಲ್ಲಿ ಕಟ್ಟಡದ ಪ್ರವೇಶೋತ್ಸವ ನಡೆಯಿತು. ಸುಮಾರು 10 ಮೀಟರ್ ಎತ್ತರದ ಕಂಬಗಳ ಮೇಲೆ ಕಚೇರಿಗಳ ಮಹಾಸೌಧ ನಿಂತಿದೆ. ಅದರ ಕೆಳಗೆ ಜನ ನಿರಾತಂಕವಾಗಿ ಹಾದುಹೋಗಬಹುದು. ಈ ಕಂಬಗಳ ನಡುವೆ ಬರುವ ಕೆಲವು ಗೋಡೆಗಳಿಗೆ ಕಾಂಡಿಡೊ ಪೋರ್ಟಿನಾರಿ ಎಂಬ ಚಿತ್ರಕಾರನು ಶಂಖ, ಮೀನು, ಕಡಲಕುದುರೆ, ನಕ್ಷತ್ರಮೀನುಗಳ ನೀಲಿ ಬಿಳಿಯ ಬಿಲ್ಲೆಚಿತ್ರಗಳನ್ನು ರಚಿಸಿಕೊಟ್ಟನು. ಅವನ್ನು ಸಿದ್ಧಪಡಿಸಿದ್ದು ಸಾವೊ ಪಾವುಲೊ ನಗರದಲ್ಲಿ ರೊಸ್ಸಿ ಒಸಿರನು ನಡೆಸುತ್ತಿದ್ದ ಒಸಿರಾರ್ತೆ ಎಂಬ ಕಾರ್ಯಶಾಲೆ.

ಇದರ ಬಗ್ಗೆ ಒಂದು ವಾದ ಹುಟ್ಟಿಕೊಂಡಿತು. 1953ರಲ್ಲಿ ಬ್ರೆಜಿಲ್ಲಿಗೆ ಬಂದಿದ್ದ ಸ್ವಿಸ್ ಕಲಾವಿದ ಮ್ಯಾಕ್ಸ್ ಬಿಲ್ಲನು, ಈ ಬಿಲ್ಲೆಚಿತ್ರಗಳು ನಿಷ್ಪ್ರಯೋಜಕವೆಂದೂ ಕಟ್ಟಡದ ಸಾಮರಸ್ಯವನ್ನು ಕೆಡಿಸುತ್ತವೆಂದೂ ಟೀಕಿಸಿದನು. ಕೋಸ್ತನು ಕೊಟ್ಟ ಉತ್ತರ ಕುತೂಹಲಕರವಾಗಿದೆ. ಬಿಲ್ಲೆ ಪೋರ್ಚುಗೀಸ್ ಪರಂಪರೆಯ ವಸ್ತು ಎಂಬುದನ್ನು ಹೇಳುವುದರ ಜೊತೆಗೆ, ಅವನು ರಚನೆಯ ಆಧಾರವನ್ನೇ ಮುಂದಿಟ್ಟನು. ಮೇಲಿನ ಸೌಧ ನಿಂತಿರುವುದು ಕಂಬಗಳ ಮೇಲೆಯೇ ಹೊರತು ಈ ಗೋಡೆಗಳ ಮೇಲಲ್ಲ. ಬಿಲ್ಲೆಯ ಹೊದಿಕೆ ಗೋಡೆಯ ಘನತೆಯನ್ನು ಕಡಮೆಮಾಡಿ, ಅದು ಭಾರವನ್ನು ಹೊತ್ತಿದೆಯೆಂಬ ಭ್ರಮೆಯನ್ನು ನೋಡುವವನ ಕಣ್ಣಿನಿಂದ ತೊಲಗಿಸುತ್ತದೆ. ಇದೇ ಕೋಸ್ತನ ಸಮರ್ಥನೆ.

ಈ ವಾದದಲ್ಲಿ ನಾವು ಯಾವ ಪಕ್ಷವನ್ನು ಹಿಡಿಯಬೇಕು? ಬಿಲ್ಲನ ಆಕ್ಷೇಪ ಪ್ರಯೋಜನ ಎಂಬ ಮಾತಿಗೆ ಅತಿ ಸಂಕುಚಿತವಾದ ಅರ್ಥವನ್ನು ಕೊಡುತ್ತದೆ. ಕಟ್ಟಡದ ನಿಲುವನ್ನು ಕಣ್ಣಿಗೆ ಅರ್ಥಮಾಡಿಸುವುದೂ ಒಂದು ಪ್ರಯೋಜನವೇ. ಭಾರ ಹೊರದ ಗೋಡೆ ಭಾರ ಹೊತ್ತಂತೆ ತೋರಿದರೆ ಅದು ಸುಳ್ಳಾಡಿದಂತೆ. ಮಿನುಗುವ ಮೆರುಗು ಆ ಸುಳ್ಳನ್ನು ತಡೆಯುತ್ತದೆ. ಈ ಮಟ್ಟಿಗೆ ಕೋಸ್ತನ ಮಾತು ಸತ್ಯ. ಆದರೆ ಅವನ ಉತ್ತರ ಬಿಲ್ಲೆಯ ಹೊದಿಕೆಯನ್ನು ಸಮರ್ಥಿಸುತ್ತದೆಯೇ ಹೊರತು ಅದರ ಮೇಲಿನ ಚಿತ್ರವನ್ನು ಸಮರ್ಥಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಗೋಡೆ ಹಗುರವಾಗಿ ತೋರಬೇಕಾದರೆ ಬರಿಯ ನೀಲಿ ಬಿಲ್ಲೆಯೂ ಸಾಕಾಗುತ್ತಿದ್ದಿತು. ಕಡಲಕುದುರೆಗಳು ಏತಕ್ಕೆ? ಈ ಪ್ರಶ್ನೆಗೆ ಉತ್ತರವನ್ನು ವಾದದಿಂದಲ್ಲ, ಮುಂದಿನ ಕಟ್ಟಡಗಳಿಂದ ಪಡೆಯಬೇಕಾಗಿದೆ.

ಎರಡನೆಯದು ಬೆಲೊ ಹೊರಿಜಾಂಟೆ ನಗರದ ಪಂಪೂಲ್ಯ ಸರೋವರದ ದಡದಲ್ಲಿರುವ ಸಂತ ಫ್ರಾನ್ಸಿಸ್ಸನ ಇಗರ್ಜಿ. ನಗರದ ಮೇಯರನಾಗಿದ್ದ ಜುಸೆಲೀನೊ ಕುಬಿಚೆಕ್ಕನ ಕೋರಿಕೆಯಂತೆ ನೀಮಾಯರನು 1943ರಲ್ಲಿ ಇದನ್ನು ನಿರ್ಮಿಸಿದನು. ಎಂಜಿನಿಯರಾಗಿದ್ದವನು ಜೋಕಿಂ ಕಾರ್ಡೋಜೊ. ಇಲ್ಲಿ ಗೋಡೆ ಬೇರೆ, ಚಾವಣಿ ಬೇರೆ ಎಂಬುದಿಲ್ಲ. ಬಾಗಿದ ಕಾಂಕ್ರೀಟಿನ ಕಮಾನುಗಳೇ ನೆಲದಿಂದ ಎದ್ದು ನೆಲಕ್ಕೆ ಇಳಿಯುತ್ತವೆ. ಎತ್ತರ ತಗ್ಗುಗಳಾಗಿ ಸಾಲುಗೊಂಡ ಈ ಕಮಾನುಗಳ ಹಿಂಬದಿಯ ಬಾಯಿಯನ್ನು ಮುಚ್ಚುವ ಚಪ್ಪಟೆಯ ಗೋಡೆ ರಸ್ತೆಗೆ ಮುಖಮಾಡಿದೆ. ಅದರ ತುಂಬ ಪೋರ್ಟಿನಾರಿ ಸಂತ ಫ್ರಾನ್ಸಿಸ್ಸನ ಚರಿತ್ರೆಯನ್ನು ನೀಲಿ ಬಿಳಿಯ ಬಿಲ್ಲೆಗಳಲ್ಲಿ ಚಿತ್ರಿಸಿದನು. ಧರ್ಮಾಧಿಕಾರಿಗಳು ಈ ಕಟ್ಟಡವನ್ನು ಒಪ್ಪಲಿಲ್ಲ. 1959ರವರೆಗೆ ಅದರ ಪ್ರತಿಷ್ಠೆ ನಡೆಯಲಿಲ್ಲ. ಸರ್ಕಾರ ಮಾತ್ರ ಅದನ್ನು 1947ರಲ್ಲಿಯೇ ರಕ್ಷಿತ ಸ್ಮಾರಕವೆಂದು ಘೋಷಿಸಿತು. 2016ರಲ್ಲಿ ಪಂಪೂಲ್ಯದ ಕಟ್ಟಡಗಳ ಸಮೂಹ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಈ ಗೋಡೆಯ ಹಿರಿಮೆಯನ್ನು ಮೊದಲು ಒಪ್ಪಿಕೊಳ್ಳೋಣ. ಭಿಕ್ಷುಕನಾಗಿ ಬಾಳಿದ ಸಂತನ ಕಥೆಗೆ ಚಿನ್ನದ ಹೊದಿಕೆಯಾಗಲಿ ಅಮೃತಶಿಲೆಯಾಗಲಿ ಒಪ್ಪುವುದಿಲ್ಲ. ಸುಟ್ಟ ಮಣ್ಣು ಒಪ್ಪುತ್ತದೆ. ಬಿಲ್ಲೆಗಳ ನಡುವಣ ಸಂದುಗೆರೆಗಳ ಚೌಕಟ್ಟು ಚಿತ್ರದ ಮೇಲೆಲ್ಲ ಹಾದುಹೋಗಿ, ದೊಡ್ಡ ದೊಡ್ಡ ಆಕೃತಿಗಳು ಗೋಡೆಯಿಂದ ಹೊರಗೆ ನುಗ್ಗದಂತೆ ತಡೆಯುತ್ತದೆ. ತೈಲವರ್ಣದಲ್ಲಿ ಇದೇ ಚಿತ್ರವಿದ್ದಿದ್ದರೆ ಗೋಡೆಯಲ್ಲಿ ರಂಧ್ರ ತೆರೆದಂತಾಗುತ್ತಿದ್ದಿತು. ಇಲ್ಲಿ ಗೋಡೆ ಗೋಡೆಯಾಗಿಯೇ ಉಳಿದು ಕಥೆಯನ್ನು ಹೇಳುತ್ತದೆ. ಬೀದಿಯಲ್ಲಿ ಹೋಗುವವನು ಒಳಗೆ ಕಾಲಿಡದಿದ್ದರೂ ಅವನಿಗೆ ಒಂದು ದರ್ಶನ ದೊರೆಯುತ್ತದೆ. ಇದು ಸಾಮಾನ್ಯವಾದ ಸಿದ್ಧಿಯಲ್ಲ.

ಆದರೂ ನಾವು ಒಂದು ಪ್ರಶ್ನೆಯನ್ನು ಕೇಳಲೇಬೇಕು. ಇಲ್ಲಿ ಒಂದು ಬಿಲ್ಲೆ ಬಿದ್ದುಹೋದರೆ ಏನಾಗುತ್ತದೆ? ಇದನ್ನು ಕೇವಲ ದುರಸ್ತಿಯ ಪ್ರಶ್ನೆಯೆಂದು ಭಾವಿಸಬಾರದು. ಬಿಲ್ಲೆ ಬೀಳುವುದು ಅದರ ಧರ್ಮ. ಬೆನ್ನಿನ ಕಡೆಯಿಂದ ನೀರು ನುಗ್ಗಿದರೆ ಗಾರೆಯ ಲವಣಗಳು ಕರಗಿ, ಒಣಗುವಾಗ ಹರಳುಗಟ್ಟಿ ಮೆರುಗನ್ನು ನೂಕುತ್ತವೆ. ಬಿಸಿಲಿಗೆ ಕಾಂಕ್ರೀಟು ಹಿಗ್ಗುವ ಪ್ರಮಾಣ ಬೇರೆ, ಬಿಲ್ಲೆ ಹಿಗ್ಗುವ ಪ್ರಮಾಣ ಬೇರೆ. ವರ್ಷಗಳು ಕಳೆದಂತೆ ಸುಟ್ಟ ಮಣ್ಣು ತೇವವನ್ನು ಹೀರಿ ಅಷ್ಟಿಷ್ಟು ಉಬ್ಬುವುದೂ ಉಂಟು. ಆದುದರಿಂದ ಬಿಲ್ಲೆಯ ಗೋಡೆಯನ್ನು ಕಟ್ಟುವವನು ಬೀಳುವ ಬಿಲ್ಲೆಯನ್ನು ಮೊದಲೇ ನೆನೆದಿರಬೇಕು. ಪಂಪೂಲ್ಯದ ಗೋಡೆಯಲ್ಲಿ ಪ್ರತಿಯೊಂದು ಬಿಲ್ಲೆಗೂ ಒಂದೇ ಒಂದು ಸ್ಥಾನ. ಸಂತನ ಕಣ್ಣಿರುವ ಬಿಲ್ಲೆ ಬಿದ್ದರೆ ಕಣ್ಣು ಹೋಯಿತು. ಇನ್ನೊಬ್ಬನ ಕೈ ಅದನ್ನು ಮತ್ತೆ ಬರೆಯಬೇಕು, ಬರೆದಾಗ ಅದು ಪೋರ್ಟಿನಾರಿಯ ರೇಖೆಯಾಗುವುದಿಲ್ಲ. ಇಲ್ಲಿ ಬಿಲ್ಲೆ ಚಿತ್ರಪಟವಾಗಿ ದುಡಿಯುತ್ತಿದೆ, ಬಿಲ್ಲೆಯಾಗಿ ಅಲ್ಲ. ಅದರ ಅಳತೆ, ಅದರ ಸಂದು, ಅದರ ಸಮಾನತೆ ಇವುಗಳಿಂದ ಚಿತ್ರ ಹುಟ್ಟಲಿಲ್ಲ. ಬೇರೆಡೆ ಹುಟ್ಟಿದ ಚಿತ್ರವನ್ನು ಚೌಕಗಳಾಗಿ ಹಂಚಲಾಗಿದೆ. ಆನಂದವರ್ಧನನ ಪರಿಭಾಷೆಯಲ್ಲಿ ಹೇಳುವುದಾದರೆ ಪ್ರತ್ಯೇಕವಾದ ಪ್ರಯತ್ನದ ಗುರುತು ಇನ್ನೂ ಉಳಿದಿದೆ. ಯಮಕದಲ್ಲಿ ಮಹಾಕವಿಯೂ ಗೆಲ್ಲಬಹುದು. ಗೆದ್ದಾಗಲೂ ಅದು ಯಮಕವೇ.

ಪೋರ್ಟಿನಾರಿಗೆ ಈ ಗೋಡೆಯ ಕೆಲಸದಲ್ಲಿ 1945ರಲ್ಲಿ ಒಬ್ಬ ಸಹಾಯಕನಿದ್ದನು. ಅಥೋಸ್ ಬುಲ್ಕಾವೊ ಎಂಬ ಈ ತರುಣ ಹುಟ್ಟಿದ್ದು 1918ರಲ್ಲಿ, ತೀರಿಕೊಂಡದ್ದು 2008ರಲ್ಲಿ. ಗುರುವಿನ ಕೈಕೆಳಗೆ ಚಿತ್ರಮಾರ್ಗವನ್ನು ಕಲಿತ ಅವನು, ಮುಂದೆ ಆವೃತ್ತಿಯ ಮಾರ್ಗಕ್ಕೆ ಹೊರಳಿದನು. ಪಂಪೂಲ್ಯವನ್ನು ಕಟ್ಟಿಸಿದ ಕುಬಿಚೆಕ್ಕನು ಅಷ್ಟರಲ್ಲಿ ರಾಷ್ಟ್ರಾಧ್ಯಕ್ಷನಾಗಿ, ಬ್ರೆಜಿಲಿಯ ಎಂಬ ಹೊಸ ರಾಜಧಾನಿಯನ್ನು ಕಟ್ಟಿಸುತ್ತಿದ್ದನು. ರಾಜಧಾನಿ 1960ರಲ್ಲಿ ಉದ್ಘಾಟನೆಗೊಳ್ಳುವುದಕ್ಕೆ ಎರಡು ವರ್ಷ ಮೊದಲೇ, 1958ರಲ್ಲಿ, ಅಲ್ಲಿ ಫಾತಿಮಾ ಮಾತೆಯ ಪುಟ್ಟ ಇಗರ್ಜಿ ಸಿದ್ಧವಾಯಿತು. ನೀಮಾಯರನದೇ ರಚನೆ. ಮೂರು ಕಂಬಗಳ ಮೇಲೆ, ಸಂನ್ಯಾಸಿನಿಯ ಶಿರೋವಸ್ತ್ರದಂತೆ ಜೋಲುವ ತ್ರಿಕೋಣದ ಚಾವಣಿ. ಅದರ ಕೆಳಗೆ ಬಾಗಿದ ಗಿಡ್ಡ ಗೋಡೆ. ಆ ಗೋಡೆಯ ಹೊರಮೈಯನ್ನು ಅಥೋಸನು ಎರಡೇ ಬಗೆಯ ಬಿಲ್ಲೆಗಳಿಂದ ಹೊದಿಸಿದನು. ಒಂದರಲ್ಲಿ ಕೆಳಗಿಳಿಯುವ ಪಾರಿವಾಳ, ಇನ್ನೊಂದರಲ್ಲಿ ನಕ್ಷತ್ರ.

ಇಲ್ಲಿ ಕಥೆಯಿಲ್ಲ, ಪ್ರಸಂಗವಿಲ್ಲ. ಪಾರಿವಾಳ ಪವಿತ್ರಾತ್ಮದ ಸಂಕೇತವೆಂಬುದೂ ನಕ್ಷತ್ರ ಕ್ರಿಸ್ತಜನನದ ಕುರುಹೆಂಬುದೂ ಕ್ರೈಸ್ತರಿಗೆ ತಿಳಿದ ವಿಷಯ; ಒಂದೊಂದು ಬಿಲ್ಲೆಯಲ್ಲಿ ಅವು ಬರಿಯ ವಾಚ್ಯಾರ್ಥವನ್ನಷ್ಟೆ ಹೇಳುತ್ತವೆ. ಆದರೆ ಪಾರಿವಾಳ ಸಾಲಿನ ಮೇಲೆ ಸಾಲಾಗಿ, ಎಲ್ಲ ಕಡೆಯೂ ಒಂದೇ ಭಂಗಿಯಲ್ಲಿ ಕೆಳಗಿಳಿಯುವಾಗ, ಇಳಿಯುವಿಕೆಯೇ ಗೋಡೆಯ ಅನುಭವವಾಗುತ್ತದೆ. ಯಾವ ಒಂದು ಬಿಲ್ಲೆಯಲ್ಲಿಯೂ ಇಲ್ಲದ ಅರ್ಥ ಎಲ್ಲವೂ ಸೇರಿದಾಗ ಹೊಮ್ಮುತ್ತದೆ. ಕೀರ್ತನೆಯ ಪಲ್ಲವಿ ಪ್ರತಿ ಚರಣದ ಕೊನೆಗೂ ಮರಳಿ ಬಂದಾಗ ಅದೇ ಮಾತು ಬೇರೊಂದು ಭಾವವನ್ನು ತುಂಬಿಕೊಳ್ಳುವುದನ್ನು ನಾವು ಬಲ್ಲೆವು. ಪುನರುಕ್ತಿ ಗದ್ಯದಲ್ಲಿ ದೋಷ, ಪಲ್ಲವಿಯಲ್ಲಿ ಗುಣ. ಅಚ್ಚಿನಿಂದ ಒಂದೇ ಸಮನಾಗಿ ಬರುವುದು ಬಿಲ್ಲೆಯ ಸ್ವಭಾವ. ಆ ಸ್ವಭಾವವೇ ಇಲ್ಲಿ ಅಲಂಕಾರವಾಗಿದೆ. ರಿಯೊ ಕಟ್ಟಡದ ಬಗ್ಗೆ ನಾವು ಕೇಳಿದ ಪ್ರಶ್ನೆಗೆ ಇದೇ ಉತ್ತರವೆಂದು ತೋರುತ್ತದೆ. ಗೋಡೆಯ ಮೇಲೆ ಆಕೃತಿ ಬರಬಹುದು. ಆದರೆ ಅದು ಹೊದಿಕೆಯ ನಿಯಮದಿಂದಲೇ ಹುಟ್ಟಿ ಬರಬೇಕು. ಬಾಗಿದ ಗೋಡೆಗೆ ದೊಡ್ಡ ಬಿಲ್ಲೆ ಹೊಂದುವುದಿಲ್ಲ, ಸಣ್ಣದು ಹೊಂದುತ್ತದೆ. ಸಣ್ಣ ಬಿಲ್ಲೆಗೆ ಸಣ್ಣ ಆಕೃತಿ ಒಪ್ಪುತ್ತದೆ. ಸಣ್ಣ ಆಕೃತಿ ಮರಳಿ ಮರಳಿ ಬರಬೇಕಾಗುತ್ತದೆ. ಉಪಯೋಗದಿಂದ ಅಂದದವರೆಗೆ ಒಂದೇ ಸರಪಳಿ. ನಡುವೆ ಎಲ್ಲಿಯೂ ಕೊಂಡಿ ಕಳಚಿಲ್ಲ.

ಬಿದ್ದ ಬಿಲ್ಲೆಯ ಪರೀಕ್ಷೆಯನ್ನು ಇಲ್ಲಿಗೂ ಅನ್ವಯಿಸೋಣ. ಒಂದು ಪಾರಿವಾಳ ಬಿದ್ದರೆ ಅದೇ ಅಚ್ಚಿನ ಇನ್ನೊಂದನ್ನು ಅಲ್ಲಿ ಕೂಡಿಸಬಹುದು, ಕೃತಿಗೆ ಊನವಿಲ್ಲ. ಇದೇ ಇಗರ್ಜಿಯ ಒಳಗೋಡೆಗಳಿಗೆ ಆಲ್ಫ್ರೆಡೊ ವೋಲ್ಪಿ ಎಂಬ ಹಿರಿಯ ಕಲಾವಿದನು ಭಿತ್ತಿಚಿತ್ರಗಳನ್ನು ಬರೆದಿದ್ದನು. ಮುಂದೆ ಅವುಗಳ ಮೇಲೆ ಬಣ್ಣ ಬಳಿದು ಮುಚ್ಚಲಾಯಿತು. ಬಿಸಿಲಿಗೂ ಮಳೆಗೂ ಒಡ್ಡಿಕೊಂಡ ಹೊರಗೋಡೆಯ ಪಾರಿವಾಳಗಳು ಉಳಿದುವು. ಚಾವಣಿಯ ನೆರಳಿನಲ್ಲಿ ಸುರಕ್ಷಿತವಾಗಿದ್ದ ಒಳಗಿನ ಚಿತ್ರಗಳು ಅಳಿದುವು. ಒಂದು ಡಬ್ಬಿ ಬಣ್ಣದಿಂದ ಅಳಿಸಿಹಾಕಲಾಗದ ಗುಣ ಬಿಲ್ಲೆಗೆ ಉಂಟೆಂಬುದನ್ನೂ ನಾವು ಅದರ ಪ್ರಯೋಜನಗಳ ಲೆಕ್ಕಕ್ಕೆ ಸೇರಿಸಬೇಕು.

ಅಥೋಸನು ಮುಂದಿನ ಕೃತಿಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ವೃತ್ತದ ತುಂಡು, ಪಟ್ಟಿ ಮುಂತಾದ ಸರಳ ರೂಪವೊಂದನ್ನು ಬಿಲ್ಲೆಯ ಮೇಲೆ ಅಚ್ಚೊತ್ತಿಸಿ, ಅವನ್ನು ಯಾವ ದಿಕ್ಕಿಗೆ ತಿರುಗಿಸಿ ಕೂಡಿಸಬೇಕೆಂಬುದನ್ನು ಗಾರೆಕೆಲಸದವರ ಇಚ್ಛೆಗೇ ಬಿಟ್ಟನು. ಕಲಾವಿದನು ಅಕ್ಷರಗಳನ್ನು ಕೊಟ್ಟನು, ಕೆಲಸಗಾರನು ವಾಕ್ಯವನ್ನು ರಚಿಸಿದನು ಎಂದು ಹೇಳಬಹುದು. ಚಿತ್ರಮಾರ್ಗದಲ್ಲಿ ಗಾರೆಯವನು ಹಿಂದಿನ ಬದಿಯ ಸಂಖ್ಯೆಗಳನ್ನು ನೋಡಿ ಜೋಡಿಸುವವನು ಮಾತ್ರ. ತಪ್ಪುಮಾಡುವುದಷ್ಟೇ ಅವನಿಗೆ ಇರುವ ಸ್ವಾತಂತ್ರ್ಯ. ಇಲ್ಲಿ ಅವನ ಕೈ ಕೃತಿಯ ಅಂಗವಾಯಿತು.

ಇನ್ನು ಲಿಸ್ಬನ್ನಿನ ಕಡೆಗೆ ತಿರುಗೋಣ. ಅಜುಲೇಜುವಿನ ತವರಿನಲ್ಲಿಯೇ ಅದು ಹಳೆಯ ಕಾಲದ ವಸ್ತುವೆಂಬ ತಾತ್ಸಾರಕ್ಕೆ ಗುರಿಯಾಗಿದ್ದಾಗ, 1959ರ ಡಿಸೆಂಬರ್ 29ರಂದು ನೆಲದಡಿಯ ರೈಲುಮಾರ್ಗ 11 ನಿಲ್ದಾಣಗಳೊಡನೆ ಅಲ್ಲಿ ಆರಂಭವಾಯಿತು. ನಿಲ್ದಾಣಗಳ ವಾಸ್ತುಶಿಲ್ಪಿ ಫ್ರಾನ್ಸಿಸ್ಕೊ ಕೈಲ್ ದೊ ಅಮರಾಲ್. ಅವೆನಿದಾ ನಿಲ್ದಾಣವೊಂದನ್ನು ಬಿಟ್ಟು ಉಳಿದವುಗಳ ಬಿಲ್ಲೆಯ ಕೆಲಸವನ್ನು ಮಾಡಿದವಳು ಅವನ ಪತ್ನಿ ಮರಿಯಾ ಕೈಲ್. ಹುಟ್ಟಿದ್ದು 1914, ನಿಧನ 2012. ನೆಲದಡಿಯಲ್ಲಿ ಸೂರ್ಯನ ಬೆಳಕಿಲ್ಲ. ಇರುವ ದೀಪದ ಬೆಳಕನ್ನು ಹಿಂದಿರುಗಿಸುವ ಗೋಡೆ ಬೇಕು. ಸಾವಿರಾರು ಜನರ ಭುಜ, ಕೈ, ಗಂಟುಮೂಟೆ ತಗುಲಿದರೂ ಕೆಡದ ಮೈ ಬೇಕು. ಖರ್ಚು ಮಿತವಾಗಿರಬೇಕು. ಈ ಮೂರಕ್ಕೂ ಬಿಲ್ಲೆ ಉತ್ತರವಾಯಿತು.

ಮರಿಯಾ ಕೈಲಳ ವಿವೇಕ ಕಾಣುವುದು ಅವಳು ಕಥೆಯನ್ನು ಕೈಬಿಟ್ಟುದರಲ್ಲಿ. ಮೆಟ್ಟಿಲಿಳಿದು ರೈಲಿಗೆ ಧಾವಿಸುವವನು ಚಿತ್ರದ ಎದುರು ನಿಲ್ಲುವುದಿಲ್ಲ. ಅವನು ಗೋಡೆಯನ್ನು ಹಾದುಹೋಗುತ್ತಾನೆ. ನಿಂತು ನೋಡಬೇಕಾದ ಚಿತ್ರ ಹಾದುಹೋಗುವ ಕಣ್ಣಿಗೆ ಚೂರುಚೂರಾಗಿ ದೊರೆಯುತ್ತದೆ. ತ್ರಿಕೋಣ, ಪಟ್ಟಿ, ಓರೆಗೆರೆಗಳ ರೇಖಾಗಣಿತವಾದರೋ ಹೆಜ್ಜೆಯೊಡನೆ ಚಲಿಸುತ್ತದೆ. ನಡೆಯುವವನ ನಡಿಗೆಯೇ ಅದಕ್ಕೆ ತಾಳ. 1966ರಲ್ಲಿ ಸಿದ್ಧವಾದ ಇಂತೆಂದೆಂತೆ ನಿಲ್ದಾಣದಲ್ಲಿ ಈ ಕ್ರಮ ಪರಿಪಾಕವನ್ನು ಹೊಂದಿತೆಂದು ಬಲ್ಲವರು ಹೇಳುತ್ತಾರೆ. ಒಂದೇ ಬಿಲ್ಲೆ ತಿರುವಿನ ಭೇದದಿಂದ, ಬಣ್ಣದ ಪಲ್ಲಟದಿಂದ ನಿಲ್ದಾಣ ನಿಲ್ದಾಣಕ್ಕೆ ಬೇರೊಂದು ಮುಖವನ್ನು ಕೊಡುತ್ತದೆ. ಪ್ರಯಾಣಿಕನು ಹೆಸರನ್ನು ಓದುವ ಮೊದಲೇ ತಾನು ಎಲ್ಲಿರುವೆನೆಂಬುದನ್ನು ಗೋಡೆಯ ಬಣ್ಣದಿಂದ ಅರಿಯಬಲ್ಲನು. ಇದೂ ಅಲಂಕಾರವೋ ಪ್ರಯೋಜನವೋ ಎಂದು ಬಿಡಿಸಿ ಹೇಳುವುದು ಕಷ್ಟ. ಹಾಗೆ ಬಿಡಿಸಲಾಗದಿರುವುದೇ ಅದರ ಗೆಲವು.

ಇಷ್ಟಕ್ಕೆ ಲೇಖನವನ್ನು ಮುಗಿಸಿದರೆ ಆವೃತ್ತಿಯ ಮಾರ್ಗಕ್ಕೆ ಜಯಪತ್ರ ಬರೆದುಕೊಟ್ಟಂತಾಗುತ್ತದೆ. ಆದರೆ ಲಿಸ್ಬನ್ನಿನ ಮುಂದಿನ ಚರಿತ್ರೆ ನಮ್ಮನ್ನು ಎಚ್ಚರಿಸುತ್ತದೆ. ಸಂಚಾರ ಹೆಚ್ಚಿದಂತೆ ನಿಲ್ದಾಣಗಳನ್ನು ವಿಸ್ತರಿಸುವ ಕೆಲಸ ನಡೆದು, ಆ ಸಂದರ್ಭದಲ್ಲಿ ಮರಿಯಾ ಕೈಲಳ ಗೋಡೆಗಳಲ್ಲಿ ಕೆಲವು ನಾಶವಾದುವು. ಪೋರ್ಟಿನಾರಿಯ ಒಂದು ಬಿಲ್ಲೆಯನ್ನು ಕೀಳಬೇಕಾದರೂ ನೂರು ಜನ ತಡೆಯುತ್ತಾರೆ. ಏಕೆಂದರೆ ಅದು ಚಿತ್ರ, ಅದಕ್ಕೆ ಕರ್ತೃವಿದ್ದಾನೆ. ಆವೃತ್ತಿಯ ಗೋಡೆಯನ್ನು ಕೀಳುವವನಿಗೆ ತಾನು ಕೃತಿಯನ್ನು ಕೀಳುತ್ತಿರುವೆನೆಂಬ ಅರಿವೇ ಇರುವುದಿಲ್ಲ. ಅದು ಅವನ ಪಾಲಿಗೆ ಬರಿಯ ಗೋಡೆಯ ಹೊದಿಕೆ. ಒಂದು ಬಿಲ್ಲೆ ಹೋದರೆ ಇನ್ನೊಂದನ್ನು ಹಾಕಬಹುದೆಂಬ ಗುಣವೇ, ಎಲ್ಲವನ್ನೂ ತೆಗೆದು ಬೇರೆ ಹಾಕಿದರೇನು ಎಂಬ ಉದಾಸೀನಕ್ಕೆ ದಾರಿಯಾಗುತ್ತದೆ. ಕಟ್ಟಡದೊಡನೆ ಪೂರ್ತಿಯಾಗಿ ಬೆರೆತ ಅಲಂಕಾರ ಕಣ್ಣಿಗೆ ಅಲಂಕಾರವೆಂದು ಕಾಣದೆ ಹೋಗುವುದು ಅದರ ಸಿದ್ಧಿಯೂ ಹೌದು, ಅದರ ಅಪಾಯವೂ ಹೌದು. ಪೋರ್ಚುಗಲ್ ದೇಶ 2017ರಲ್ಲಿ ಕಾನೂನೊಂದನ್ನು ಮಾಡಿ, ಬಿಲ್ಲೆ ಹೊದಿಸಿದ ಮುಖಭಿತ್ತಿಗಳನ್ನು ಕೆಡವುವುದನ್ನೂ ಅವುಗಳಿಂದ ಬಿಲ್ಲೆಗಳನ್ನು ಕಿತ್ತುಹಾಕುವುದನ್ನೂ ನಿರ್ಬಂಧಿಸಿತು. ಕಾನೂನು ಕೀಳುವ ಕೈಯನ್ನು ತಡೆಯಬಲ್ಲುದು. ನೋಡದ ಕಣ್ಣಿಗೆ ನೋಟವನ್ನು ಕೊಡಲಾರದು. ಆ ಕೆಲಸ ವಿಮರ್ಶೆಯದು. ಸಹಿಯಿಲ್ಲದ ಕೃತಿಗೂ ಕರ್ತೃತ್ವವುಂಟೆಂದು ತೋರಿಸಿಕೊಡುವುದು ಅದರ ಕರ್ತವ್ಯ.

ಈ ವಿಚಾರ ನಮಗೆ ದೂರದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್‌ನು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ, ಒಂದನ್ನೊಂದು ಕೊಂಡಿಹಾಕಿ ಹಿಡಿಯುವ ಕೆಂಪು ಹೆಂಚು ನಮ್ಮ ಊರುಗಳ ಮೇಲ್ಮೈಯನ್ನೇ ರೂಪಿಸಿತು. ಅದರ ಅಂಚಿನ ದಿಂಡು ಮಳೆನೀರು ಒಳಗೆ ನುಸುಳದಿರಲೆಂದು ಇರುವುದು. ಅದೇ ದಿಂಡು ಸಂಜೆಯ ಬಿಸಿಲಿನಲ್ಲಿ ಇಡೀ ಮಾಡಿನ ಮೇಲೆ ನೆರಳಿನ ಗೆರೆಗಳನ್ನು ಎಳೆಯುತ್ತದೆ. ತೆಂಗಿನಕಾಯಿ ಬಿದ್ದು ಒಡೆದರೆ ಒಂದನ್ನು ತೆಗೆದು ಇನ್ನೊಂದನ್ನು ಜಾರಿಸಿ ಕೂಡಿಸುತ್ತೇವೆ; ಮಾಡಿಗೆ ಮುಪ್ಪಿಲ್ಲ. ಬ್ರೆಜಿಲಿಯದ ಪಾರಿವಾಳಗಳ ಗೋಡೆಯ ತತ್ತ್ವವೂ ಜೆಪ್ಪುವಿನ ಹೆಂಚಿನ ತತ್ತ್ವವೂ ಒಂದೇ. ಅಲ್ಲಿಯದನ್ನು ಕಲೆಯೆಂದು ಹೊಗಳುವ ನಾವು ಇಲ್ಲಿಯದನ್ನು ಕಿತ್ತು ರಾಶಿಹಾಕುವಾಗ ಒಂದು ಗಳಿಗೆ ಯೋಚಿಸಬೇಕಾದುದು ಆವಶ್ಯಕ.

ಈ ದಿನಗಳಲ್ಲಿ ಬಿಲ್ಲೆ ಎಲ್ಲೆಲ್ಲಿಯೂ ಹರಡಿದೆ. ಅಂಗಡಿಯಲ್ಲಿ ದೊರೆಯುವ ಬಹುಪಾಲು ಬಿಲ್ಲೆಗಳು ಅಮೃತಶಿಲೆಯಂತೆಯೋ ಮರದ ಹಲಗೆಯಂತೆಯೋ ಕಾಣುವಂತೆ ಅಚ್ಚಾಗಿವೆ. ಸಂದು ಕಾಣದಿರುವುದೇ ಹೆಗ್ಗಳಿಕೆಯೆಂದು ಅವನ್ನು ಮಾರುತ್ತಾರೆ. ಪೋರ್ಟಿನಾರಿಯ ಕೈಯಲ್ಲಿ ಬಿಲ್ಲೆ ಚಿತ್ರಪಟವಾಗಿದ್ದಿತು. ಆದರೂ ಅದು ತಾನು ಬಿಲ್ಲೆಯೆಂಬುದನ್ನು ಮರೆಮಾಚಲಿಲ್ಲ. ಅಥೋಸ್ ಮತ್ತು ಮರಿಯಾ ಕೈಲರ ಕೈಯಲ್ಲಿ ಅದು ತನ್ನ ಸ್ವರೂಪದಿಂದಲೇ ಮಾತಾಡಿತು. ಈಗ ಅದಕ್ಕೆ ಮುಖವಾಡ ತೊಡಿಸಲಾಗಿದೆ. ಕಾವ್ಯದಲ್ಲಿ ಇಂತಹುದನ್ನು ನಾವು ಕೃತಕವೆಂದು ತಟ್ಟನೆ ಗುರುತಿಸುತ್ತೇವೆ. ಕಟ್ಟಡದಲ್ಲಿಯೂ ಗುರುತಿಸುವ ಶಿಕ್ಷಣ ನಮ್ಮ ಕಾಲೇಜುಗಳಲ್ಲಿ ದೊರೆಯಬೇಕು. ಅದಕ್ಕೆ ದೊಡ್ಡ ಸಲಕರಣೆಗಳು ಬೇಡ. ಗೋಡೆಯ ಮುಂದೆ ನಿಂತು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಈ ಬಿಲ್ಲೆ ಇಲ್ಲಿ ಮಾಡುತ್ತಿರುವ ಕೆಲಸವೇನು? ಇದರ ಅಂದ ಆ ಕೆಲಸದಿಂದ ಹುಟ್ಟಿತೋ, ಹೊರಗಿನಿಂದ ಬಂದಿತೋ? ಇದು ಬಿದ್ದುಹೋದರೆ ಇದರ ಸ್ಥಾನವನ್ನು ಯಾವುದು ತುಂಬೀತು? ಮೂರಕ್ಕೂ ಒಂದೇ ಉತ್ತರ ಬರುವ ಗೋಡೆಗಳು ಕೆಲವೇ. ಅವನ್ನು ಗುರುತಿಸಿ ಉಳಿಸಿಕೊಳ್ಳುವುದು ನಮ್ಮ ಕಾಲಕ್ಕೆ ಬಿದ್ದ ಹೊಣೆ.